ಕೃಷ್ಣಾ ದಂಡೆಯ ಹಳೆಯ ಪಂಪಿಗೊಂದು ಹೊಸ ಇಂಪೆಲರ್: ಸವೆದ ಭಾಗದಿಂದ ತಿದ್ದಬಹುದಾದ ಮಾದರಿಯವರೆಗೆ

ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯ ಒಂದು ಏತ ನೀರಾವರಿ ಸಂಘದವರು ಜನವರಿಯಲ್ಲಿ ಬೆಳಗಾವಿಯ ನಮ್ಮ ವರ್ಕ್‌ಶಾಪಿಗೆ ಗೋಣಿಚೀಲದಲ್ಲಿ ಸುತ್ತಿದ ಒಂದು ಇಂಪೆಲರನ್ನು, ಅಂದರೆ ಪಂಪಿನೊಳಗೆ ತಿರುಗುತ್ತ ನೀರನ್ನು ಹೊರಕ್ಕೆ ತಳ್ಳುವ ಚಕ್ರವನ್ನು, ತಂದಿಟ್ಟರು. ಅವರ ಪಂಪ್‌ಹೌಸಿನಲ್ಲಿರುವ ಎರಡು ಪಂಪುಗಳಲ್ಲಿ ಇದು ಒಂದರದು. ಪಂಪಿನ ಮೇಲಿನ ತಗಡಿನಲ್ಲಿ ನಿಮಿಷಕ್ಕೆ 1450 ಸುತ್ತು, 28 ಮೀಟರ್ ಹೆಡ್ (ನೀರನ್ನು ಎತ್ತಬಲ್ಲ ಎತ್ತರ), ಸೆಕೆಂಡಿಗೆ 50 ಲೀಟರ್ ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ಅದನ್ನು ನಡೆಸುವುದು 30 ಎಚ್‌ಪಿ ಮೋಟರು. ಮೊದಲು 33 ನಿಮಿಷಗಳ ಸುಮಾರಿಗೆ ತುಂಬುತ್ತಿದ್ದ ಒಂದು ಲಕ್ಷ ಲೀಟರಿನ ತೊಟ್ಟಿ ಈಗ 52 ನಿಮಿಷ ತೆಗೆದುಕೊಳ್ಳುತ್ತಿದೆ, ಕಬ್ಬು ಒಣಗುತ್ತಿದೆ, ತಯಾರಕರು ಈ ಮಾದರಿಯನ್ನು ಕೈಬಿಟ್ಟು ಬಹಳ ವರ್ಷಗಳಾಗಿರುವುದರಿಂದ ಬಿಡಿಭಾಗ ಎಲ್ಲಿಯೂ ಸಿಗುತ್ತಿಲ್ಲ ಎಂಬುದು ಅವರ ಅಳಲು. ನಕ್ಷೆಯೂ ಇರಲಿಲ್ಲ. ಇದ್ದದ್ದು ಸವೆದ ಈ ಎರಕದ ತುಂಡು ಮತ್ತು ಅದು ಕೂಡುತ್ತಿದ್ದ ಕೇಸಿಂಗ್, ಅಂದರೆ ಪಂಪಿನ ಹೊರಕವಚ.

ಕೆಲಸ ಒಪ್ಪಿಕೊಳ್ಳುವ ಮುನ್ನ ಒಂದು ವಿಷಯವನ್ನು ಖಚಿತಪಡಿಸಿಕೊಂಡೆ. ನಮ್ಮ ದೇಶದಲ್ಲಿ ಪೇಟೆಂಟಿನ ಅವಧಿ 20 ವರ್ಷ, ನೋಂದಾಯಿತ ವಿನ್ಯಾಸದ ರಕ್ಷಣೆ ಹೆಚ್ಚೆಂದರೆ 15 ವರ್ಷ. ಸಂಘದ ದಾಸ್ತಾನು ಪುಸ್ತಕದ ಪ್ರಕಾರ ಈ ಪಂಪನ್ನು ಖರೀದಿಸಿದ್ದು 1991ರಲ್ಲಿ. ಹಾಗಾಗಿ ಮಾಲೀಕರ ಸ್ವಂತ ಬಳಕೆಗೆ ಬಿಡಿಭಾಗ ಮಾಡಿಕೊಡಲು ಅಡ್ಡಿ ಕಾಣಲಿಲ್ಲ. ಹಳೆಯ ಎರಕದ ಮೇಲಿದ್ದ ತಯಾರಕರ ಗುರುತನ್ನು ಮಾತ್ರ ಹೊಸದರ ಮೇಲೆ ಮೂಡಿಸಬಾರದೆಂದು ಮೊದಲೇ ತೀರ್ಮಾನಿಸಿದೆ.

ಇಂಪೆಲರ್ ಮುಚ್ಚಿದ ಬಗೆಯದು: ಮುಂದೊಂದು, ಹಿಂದೊಂದು ತಟ್ಟೆ, ನಡುವೆ ಹಿಂದಕ್ಕೆ ಬಾಗಿದ ಆರು ವೇನ್‌ಗಳು, ಅಂದರೆ ರೆಕ್ಕೆಗಳು. ಸ್ಕ್ಯಾನರಿನ ಬೆಳಕು ಎರಡು ತಟ್ಟೆಗಳ ನಡುವಿನ ದಾರಿಯೊಳಗೆ ಸ್ವಲ್ಪ ದೂರ ಮಾತ್ರ ಹೋಗುತ್ತದೆ, ಆದರೆ ಪಂಪಿನ ಕೆಲಸವೆಲ್ಲ ನಡೆಯುವುದು ಬೆಳಕು ತಲುಪದ ಆ ಜಾಗದಲ್ಲಿಯೇ. ಇಂಪೆಲರನ್ನು ಅಡ್ಡಲಾಗಿ ಕತ್ತರಿಸಿ ಎರಡು ಹೋಳು ಮಾಡಿದರೆ ಒಳಗೆಲ್ಲ ಕಾಣುತ್ತದೆ ಎಂಬ ಸಲಹೆ ಬಂತು. ಆದರೆ ಹೊಸದು ಸಿದ್ಧವಾಗುವ ಮೊದಲೇ ಇನ್ನೊಂದು ಪಂಪು ಕೈಕೊಟ್ಟರೆ ಇದೇ ಸವೆದ ಇಂಪೆಲರನ್ನು ಮತ್ತೆ ಕೂರಿಸಬೇಕಾಗುತ್ತಿತ್ತು. ಆದ್ದರಿಂದ ಒಳದಾರಿಗೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯುವ ಹಾದಿ ಹಿಡಿದೆ.

ಅಚ್ಚಿಗೆ ಎಲ್ಲ ಸಿಲಿಕೋನೂ ಆಗುವುದಿಲ್ಲ. ತವರದ ವೇಗವರ್ಧಕದಿಂದ ಗಟ್ಟಿಯಾಗುವ ಅಗ್ಗದ ಬಗೆ ದಿನ ಕಳೆದಂತೆ ಕುಗ್ಗುತ್ತದೆ. ಪ್ಲಾಟಿನಂ ವೇಗವರ್ಧಕದ ಬಗೆಯಲ್ಲಿ ಕುಗ್ಗುವಿಕೆ ಶೇಕಡಾ 0.1ಕ್ಕಿಂತ ಕಡಿಮೆ. ನಾನು ತಂದದ್ದು ಎರಡನೆಯದು, ಅದರಲ್ಲಿಯೂ ಹಿಗ್ಗಿಸಿ ಎಳೆಯಲು ಬರುವ ಮೆತ್ತನೆಯದು. ಒಂದೊಂದು ದಾರಿಯ ಗಾತ್ರ ಅಂದಾಜು 210 ಮಿಲಿಲೀಟರ್ ಬರುತ್ತದೆ, ಎರಡು ದಾರಿಗೆ ಅರ್ಧ ಲೀಟರ್ ಸಾಕು. ಎರಡೂ ಅಕ್ಕಪಕ್ಕದ ದಾರಿಗಳೇ ಆಗಿರಬೇಕು ಎಂಬುದು ಮುಖ್ಯ, ಏಕೆಂದರೆ ಒಂದು ಅಚ್ಚು ಒಂದು ವೇನಿನ ಒಂದು ಮುಖವನ್ನಷ್ಟೇ ಹಿಡಿಯುತ್ತದೆ. ಎರಡೂ ಮುಖಗಳು, ಅಂದರೆ ವೇನಿನ ದಪ್ಪ ಸಿಗಬೇಕಾದರೆ ಅದರ ಆಚೀಚೆಯ ಎರಡೂ ದಾರಿಗಳ ಅಚ್ಚು ಬೇಕು.

ಮೊದಲ ಯತ್ನ ಕೆಟ್ಟಿತು. ದಾರಿಯ ಒಳಬಾಯಿಯನ್ನು ಮುಚ್ಚಲು ಮಕ್ಕಳ ಬಣ್ಣದ ಮಾಡೆಲಿಂಗ್ ಕ್ಲೇ ಬಳಸಿದ್ದೆ. ಮರುದಿನ ಎಳೆದು ನೋಡಿದರೆ ಕ್ಲೇಗೆ ತಾಗಿದ ಕಡೆಯಲ್ಲೆಲ್ಲ ಸಿಲಿಕೋನ್ ಗಟ್ಟಿಯಾಗದೆ ಜಿಗಟಾಗಿಯೇ ಉಳಿದಿತ್ತು. ಅಂಥ ಕೆಲವು ಕ್ಲೇಗಳಲ್ಲಿರುವ ಗಂಧಕ ಪ್ಲಾಟಿನಂ ವೇಗವರ್ಧಕವನ್ನು ನಿಷ್ಕ್ರಿಯಗೊಳಿಸುತ್ತದೆ. ಇದನ್ನು ತಿಳಿದಿದ್ದೂ ಪರೀಕ್ಷಿಸದೆ ಬಳಸಿದ್ದು ನನ್ನ ತಪ್ಪು. ಒಳಗೆಲ್ಲ ಸೀಮೆಎಣ್ಣೆಯಿಂದ ತೊಳೆದು, ತಂತಿಯ ಬ್ರಷ್ಷಿನಿಂದ ತುಕ್ಕಿನ ಹುಡಿ ತೆಗೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿಯನ್ನು ಬಹಳ ತೆಳುವಾಗಿ ಸವರಿ, ಈ ಸಲ ಬಾಯಿಯನ್ನು ಮೇಣದಿಂದ ಮುಚ್ಚಿದೆ. ಸಿಲಿಕೋನ್ ಅರೆಪಾರದರ್ಶಕವಾಗಿದ್ದರೆ ಸ್ಕ್ಯಾನರಿನ ಬೆಳಕು ಅದರೊಳಗೆ ಇಳಿದು ಚದುರುತ್ತದೆ, ಆದ್ದರಿಂದ ಬಿಳಿ ಬಣ್ಣವನ್ನೂ ಬೆರೆಸಿದೆ. ಎರಡನೆಯ ಸಲ ಎರಡೂ ಅಚ್ಚುಗಳು ಹೊರಬಾಯಿಯಿಂದ ಪೂರ್ತಿಯಾಗಿ ಹೊರಬಂದವು. ಒಳಬಾಯಿಯ ಬಳಿ ದಾರಿಯ ಅಗಲ 34 ಮಿ.ಮೀ., ಹೊರಬಾಯಿಯಲ್ಲಿ 20 ಮಾತ್ರ. ಆದರೂ ಹೊರಬಾಯಿಯ ಒಟ್ಟು ವಿಸ್ತೀರ್ಣವೇ ಹೆಚ್ಚಾದ್ದರಿಂದ ರಬ್ಬರು ತನ್ನ ಆಕಾರ ಬದಲಿಸಿಕೊಳ್ಳುತ್ತ ಜಾರಿ ಬಂತು.

ಸ್ಕ್ಯಾನಿಂಗಿಗೆ ನೀಲಿ ಬೆಳಕಿನ ಪಟ್ಟಿಗಳನ್ನು ಚೆಲ್ಲಿ ಎರಡು ಕ್ಯಾಮೆರಾಗಳಿಂದ ನೋಡುವ ಸ್ಕ್ಯಾನರನ್ನು ಎರಡು ದಿನ ಬಾಡಿಗೆಗೆ ತಂದೆವು. ಅದರ ನಿಖರತೆ 0.05 ಮಿ.ಮೀ. ಎಂದು ಬರೆದಿತ್ತು, ಆದರೆ ನಂಬುವ ಮೊದಲು 100 ಮಿ.ಮೀ. ಅಳತೆಯ ಒಂದು ಮಾಪನ ಕಡ್ಡಿಯನ್ನು ಸ್ಕ್ಯಾನ್ ಮಾಡಿ ನೋಡಿದೆ, 100.04 ಎಂದು ತೋರಿಸಿತು. ಎರಕಕ್ಕೆ ಇಷ್ಟು ಸಾಕು, ಬೋರ್ (ಶಾಫ್ಟ್ ಕೂರುವ ನಡುವಿನ ತೂತು) ಮತ್ತು ವೇರ್ ರಿಂಗ್ (ಕೇಸಿಂಗಿನಲ್ಲಿ ಇಂಪೆಲರಿನ ಕುತ್ತಿಗೆಯ ಸುತ್ತ ಕೂರುವ ಬಳೆ) ಇಂಥ ಮೆಷಿನಿಂಗ್ ಜಾಗಗಳಿಗೆ ಸಾಲದು. ಅಂಥ ಅಳತೆಗಳನ್ನೆಲ್ಲ ಮೈಕ್ರೋಮೀಟರ್ ಮತ್ತು ಬೋರ್ ಗೇಜಿನಿಂದಲೇ ತೆಗೆದುಕೊಳ್ಳಬೇಕೆಂದು ಅಲ್ಲಿಯೇ ಗೆರೆ ಎಳೆದುಕೊಂಡೆ. ಲೋಹ ಮಿನುಗುವ ಕಡೆ ಸ್ಕ್ಯಾನರಿಗೆ ಏನೂ ಕಾಣುವುದಿಲ್ಲ; ಬಿರುಕು ಪರೀಕ್ಷೆಯ ಡೈ ಪೆನಿಟ್ರಂಟಿನ ಜೊತೆ ಬರುವ ಬಿಳಿ ಡೆವಲಪರ್ ಸ್ಪ್ರೇಯನ್ನು ತೆಳ್ಳಗೆ ಹೊಡೆದರೆ ಅದೇ ಮೇಲ್ಮೈ ಚೆನ್ನಾಗಿ ಮೂಡುತ್ತದೆ.

ಅಕ್ಷವನ್ನು ಎಲ್ಲಿಂದ ಹಿಡಿಯುವುದು ಎಂಬುದಕ್ಕೆ ಅರ್ಧ ದಿನ ಯೋಚಿಸಿದ್ದೇನೆ. ಮಾದರಿಯ ಪ್ರತಿಯೊಂದು ಅಳತೆಯೂ ಅಕ್ಷಕ್ಕೆ ಸಂಬಂಧಿಸಿರುವುದರಿಂದ ಅದು ಅರ್ಧ ಮಿಲಿಮೀಟರ್ ಜರುಗಿದರೂ ಮುಂದಿನದೆಲ್ಲ ಜರುಗುತ್ತದೆ. ಹೊರ ಅಂಚು ಕೊರೆದುಹೋಗಿತ್ತು, ನೀರು ಒಳಬರುವ ಬಾಯಿಯ ಸುತ್ತಲಿನ ಮುಂದಿನ ಕುತ್ತಿಗೆ ಒಂದೇ ಬದಿಗೆ ಸವೆದಿತ್ತು, ಬೋರು ಮಾತ್ರ ಹೆಚ್ಚುಕಡಿಮೆ ಗುಂಡಾಗಿ ಉಳಿದಿತ್ತು. ಆದರೆ 40 ಮಿ.ಮೀ. ವ್ಯಾಸದ, 60 ಮಿ.ಮೀ. ಉದ್ದದ ತೂತಿನೊಳಗೆ ಸ್ಕ್ಯಾನರ್ ಆಳವಾಗಿ ನೋಡಲಾರದು. ಆಗ ಲೇಥಿನಲ್ಲಿ ಬೋರಿಗೆ ಬಿಗಿಯಾಗಿ ಕೂರುವ ಒಂದು ಮ್ಯಾಂಡ್ರೆಲನ್ನು (ನೇರವಾದ ಉರುಟು ಕಡ್ಡಿಯನ್ನು) ತಿರುವಿ, ಎರಡೂ ಕಡೆ 80 ಮಿ.ಮೀ. ಹೊರಚಾಚುವಂತೆ ಹಾಕಿ, ಇಂಪೆಲರಿನ ಜೊತೆಗೆ ಅದನ್ನೂ ಸ್ಕ್ಯಾನ್ ಮಾಡಿದೆವು. ಕಣ್ಣಿಗೆ ಕಾಣದ ಅಕ್ಷ ಹೀಗೆ ಎರಡೂ ಬದಿಯಲ್ಲಿ ಕಾಣುವ ಸಿಲಿಂಡರ್ ಆಯಿತು. ಈ ಬಗೆಯ ಕೆಲಸ ಮಾಡುವವರಿಗೆ ನಾನು ಒಂದೇ ಒಂದು ಉಪಾಯ ಹೇಳಬೇಕೆಂದಿದ್ದರೆ ಇದನ್ನೇ ಹೇಳುತ್ತೇನೆ.

ಸ್ಕ್ಯಾನಿನಿಂದ ಬಂದದ್ದು ಮೇಲ್ಮೈಯನ್ನು 42 ಲಕ್ಷ ತ್ರಿಕೋನಗಳ ಬಲೆಯಾಗಿ, ಅಂದರೆ ಮೆಶ್ ಆಗಿ, ಹಿಡಿದ ಎಸ್‌ಟಿಎಲ್ ಕಡತ. ಮೆಶ್‌ಲ್ಯಾಬ್ ತಂತ್ರಾಂಶದಲ್ಲಿ ಚೂರುಪಾರುಗಳನ್ನು ತೆಗೆದು 6 ಲಕ್ಷಕ್ಕೆ ಇಳಿಸಿದೆ. ನೋಡಲು ಥೇಟ್ ಇಂಪೆಲರಿನಂತೆಯೇ ಇರುವ ಈ ಕಡತದ ಬಗ್ಗೆ ಗ್ರಾಹಕರಲ್ಲಿ ಮಾತ್ರವಲ್ಲ, ಕಲಿಯುತ್ತಿರುವ ಇಂಜಿನಿಯರುಗಳಲ್ಲಿಯೂ ಒಂದು ತಪ್ಪು ಕಲ್ಪನೆ ಇದೆ. ಸ್ಕ್ಯಾನ್ ಆದ ಮೇಲೆ ಮಾದರಿ ಸಿದ್ಧವಾಯಿತು, ಇನ್ನು ಎರಕಕ್ಕೆ ಕಳಿಸುವುದಷ್ಟೇ ಬಾಕಿ ಎಂದು ಅವರು ಭಾವಿಸುತ್ತಾರೆ. ತ್ರಿಕೋನಗಳಿಗೆ ತಾವು ಬೋರು ಎಂದಾಗಲಿ, ವೇನು ಎಂದಾಗಲಿ ಗೊತ್ತಿರುವುದಿಲ್ಲ. ಅವುಗಳಲ್ಲಿ ವ್ಯಾಸವನ್ನು ಬದಲಿಸುವ ಒಂದು ಸಂಖ್ಯೆ ಎಲ್ಲಿಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅವು ಹಿಡಿದಿರುವುದು ಮೂವತ್ತಕ್ಕೂ ಹೆಚ್ಚು ವರ್ಷ ಮರಳು ನೀರಿನಲ್ಲಿ ತಿರುಗಿ ಸವೆದ ಆಕಾರವನ್ನೇ ಹೊರತು ವಿನ್ಯಾಸಕಾರ ಬರೆದ ಆಕಾರವನ್ನಲ್ಲ. ಒಂದು ಉದಾಹರಣೆ ಕೊಡುತ್ತೇನೆ: ಅಕ್ಷದ ದಿಕ್ಕಿನ ಒತ್ತಡ ಇಳಿಸಲು ಹಿಂದಿನ ತಟ್ಟೆಯಲ್ಲಿ ಸಣ್ಣ ತೂತುಗಳಿರುತ್ತವೆ. ಸ್ಕ್ಯಾನಿನಲ್ಲಿ ಕಂಡದ್ದು ಐದು. ಆರನೆಯದು ತುಕ್ಕು ಕಟ್ಟಿ ಮುಚ್ಚಿಹೋಗಿತ್ತು. ಚೂಪು ಕಡ್ಡಿಯಿಂದ ಕೆದಕಿದಾಗ ತೆರೆದುಕೊಂಡಿತು.

ಮಾದರಿಯನ್ನು ಫ್ರೀಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಕಟ್ಟಿದೆ. ಮುಖ್ಯ ಅಳತೆಗಳನ್ನೆಲ್ಲ ಅದರೊಳಗಿನ ಒಂದು ಸ್ಪ್ರೆಡ್‌ಶೀಟಿನಲ್ಲಿ ಹೆಸರಿಟ್ಟು ಬರೆದು, ನಕ್ಷೆಗಳೆಲ್ಲ ಅಲ್ಲಿಂದಲೇ ಓದುವಂತೆ ಮಾಡಿದೆ. ಮೊದಲು ಅಕ್ಷದ ಸುತ್ತ ಪ್ರತಿ 15 ಡಿಗ್ರಿಗೆ ಒಂದರಂತೆ ಮೆಶ್ಶನ್ನು ಸೀಳಿ, ಬಂದ 24 ಅರ್ಧಛೇದಗಳನ್ನು ಒಂದರ ಮೇಲೊಂದು ಇಟ್ಟೆ. ಸವೆಯದ ಜಾಗದಲ್ಲಿ ಗೆರೆಗಳೆಲ್ಲ ಒಟ್ಟಾಗಿ ಸಾಗುತ್ತವೆ, ಸವೆದ ಜಾಗದಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಎಲ್ಲಿ ಸ್ಕ್ಯಾನನ್ನು ನಂಬಬಹುದು, ಎಲ್ಲಿ ನಂಬಬಾರದು ಎಂಬುದು ಒಂದೇ ಚಿತ್ರದಲ್ಲಿ ತಿಳಿಯುತ್ತದೆ. ತಟ್ಟೆಗಳ ದಪ್ಪ 6 ಮಿ.ಮೀ. ಎಂಬುದೂ, ಒಳಬಾಗಿನ ಕಮಾನುಗಳ ತ್ರಿಜ್ಯಗಳೂ ಹೀಗೆ ಸುಲಭವಾಗಿ ಸಿಕ್ಕವು.

ವೇನ್‌ಗಳ ವಿಷಯದಲ್ಲಿ ಮಾತ್ರ ತಡವಾಯಿತು. ಸಿಲಿಕೋನ್ ಅಚ್ಚುಗಳ ಸ್ಕ್ಯಾನನ್ನು ಇಂಪೆಲರಿನ ಸ್ಕ್ಯಾನಿನೊಳಗೆ ಕೂರಿಸಿದಾಗ ಹೊರಬಾಯಿಯ ಅಗಲ ನಾಲ್ಕು ಕಡೆಯೂ ವರ್ನಿಯರಿನ ಅಳತೆಗೆ 0.2 ಮಿ.ಮೀ. ಒಳಗೆ ತಾಳೆಯಾಯಿತು, ಅಚ್ಚು ಎಳೆಯುವಾಗ ಶಾಶ್ವತವಾಗಿ ಹಿಗ್ಗಿಲ್ಲ ಎಂಬ ಸಮಾಧಾನ ಸಿಕ್ಕಿತು. ಅಕ್ಷದ ದಿಕ್ಕಿನಿಂದ ನೋಡಿದರೆ ವೇನಿನ ಮುಂದಿನ ಅಂಚು ಮತ್ತು ಹಿಂದಿನ ಅಂಚು ಅರ್ಧ ಮಿಲಿಮೀಟರಿನೊಳಗೆ ಒಂದರ ಹಿಂದೊಂದು ನಿಂತಿದ್ದವು, ಅಂದರೆ ವೇನ್ ತಿರುಚಿಕೊಂಡಿಲ್ಲ, ಒಂದೇ ದಿಕ್ಕಿನಲ್ಲಿ ಬಾಗಿದ ಹಾಳೆಯಂತಿದೆ. ಉತ್ಸಾಹದಿಂದ ನಲವತ್ತು ಬಿಂದುಗಳ ಮೂಲಕ ಹಾಯುವ ಒಂದು ಸ್ಪ್ಲೈನ್, ಅಂದರೆ ನುಣುಪಾದ ಬಾಗುಗೆರೆ, ಎಳೆದೆ. ವ್ಯತ್ಯಾಸ 0.1 ಮಿ.ಮೀ.ಗೆ ಇಳಿಯಿತು, ಆದರೆ ಆ ಗೆರೆ ಮರಳಿನ ಒರಟನ್ನೂ ತುಕ್ಕಿನ ಉಬ್ಬನ್ನೂ ವಿನ್ಯಾಸವೆಂಬಂತೆ ಹಿಂಬಾಲಿಸಿ ಅಂಕುಡೊಂಕಾಗಿತ್ತು.

ಆ ಹೊತ್ತಿಗೆ ಬೇರೆ ಕೆಲಸಕ್ಕೆ ಬಂದಿದ್ದ ಒಬ್ಬ ಹಿರಿಯ ಪ್ಯಾಟರ್ನ್ (ಎರಕದ ಅಚ್ಚು ಮೂಡಿಸುವ ಮಾದರಿ) ಮಿಸ್ತ್ರಿಯವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಇದು ಕಂಪಾಸಿನಾಗ ತಗದ ಗೆರಿ ಐತ್ರಿ. ಆಗ ನಮಗ ಎರಡ ಕಮಾನಿನಾಗ ವೇನ್ ತಗದ ಕೊಡತಿದ್ರು” ಎಂದರು. ಅವರ ಮಾತಿನಂತೆ ಒಂದಕ್ಕೊಂದು ಸ್ಪರ್ಶಿಸುವ ಎರಡು ವೃತ್ತಖಂಡಗಳನ್ನು ಕೂರಿಸಿ ನೋಡಿದೆ. ಆರೂ ವೇನ್‌ಗಳ ಹೊರತುದಿಗಳು ಮತ್ತು ಎರಡೂ ಅಚ್ಚುಗಳು ಸೇರಿ ಎಲ್ಲಿಯೂ 0.6 ಮಿ.ಮೀ. ಮೀರಿದ ವ್ಯತ್ಯಾಸ ಬರಲಿಲ್ಲ, ಹೊರತುದಿಯ ಕೋನ ಸರಿಯಾಗಿ 25 ಡಿಗ್ರಿ ಬಂತು. ನಲವತ್ತು ಬಿಂದುಗಳ ಜಾಗದಲ್ಲಿ ಎರಡು ತ್ರಿಜ್ಯ ಮತ್ತು ಎರಡು ಕೋನ ಉಳಿದವು. ಅಂಕಿಗಳ ಪ್ರಕಾರ ಇದು ಸ್ಪ್ಲೈನಿಗಿಂತ ಕಡಿಮೆ ನಿಖರ. ನನ್ನ ದೃಷ್ಟಿಯಲ್ಲಿ ಮೂಲಕ್ಕೆ ಹೆಚ್ಚು ನಿಷ್ಠವಾದದ್ದು ಇದೇ.

ಹೊರವ್ಯಾಸದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾಗಿತ್ತು. ತಟ್ಟೆಗಳ ಅಂಚಿನಲ್ಲಿ ಅಳತೆ 308.7ರಿಂದ 309.4ರವರೆಗೆ ಏರಿಳಿಯುತ್ತಿತ್ತು, ಹಿಂಬದಿಯ ತಟ್ಟೆಯ ಒಂದು ಕಡೆ ಲೇಥಿನ ಟೂಲ್ ಗುರುತು ಉಳಿದಿದ್ದ ಜಾಗದಲ್ಲಿ ತ್ರಿಜ್ಯ 155 ಇತ್ತು. ಹಾಗಾದರೆ ವ್ಯಾಸ 310 ಎನ್ನಬಹುದು. ಆದರೆ ಕೇಸಿಂಗಿನ ನಾಲಿಗೆ, ಅಂದರೆ ನೀರು ಹೊರಹೋಗುವ ದಾರಿ ಕವಲೊಡೆಯುವ ತುದಿ, ಅಕ್ಷದಿಂದ 171 ಮಿ.ಮೀ. ದೂರದಲ್ಲಿತ್ತು. ಇಂಪೆಲರಿನ ತ್ರಿಜ್ಯಕ್ಕಿಂತ ಶೇಕಡಾ 10ರಷ್ಟು ಹೆಚ್ಚಿನ ಈ ಅಂತರ ಈ ಗಾತ್ರದ ಪಂಪಿಗೆ ತುಸು ಸಡಿಲ. ಕಂಪನಿಗಳು ಒಂದೇ ಎರಕವನ್ನು ಗ್ರಾಹಕರ ಹೆಡ್ಡಿಗೆ ತಕ್ಕಂತೆ ಲೇಥಿನಲ್ಲಿ ತಿರುವಿ ಕಿರಿದುಗೊಳಿಸುವುದು ಸಾಮಾನ್ಯ. ಇದೂ 320ರ ಎರಕವೇ ಆಗಿದ್ದು 310ಕ್ಕೆ ತಿರುವಿದ್ದಿರಬೇಕು. ಹಾಗೆಂದು 320 ಇಟ್ಟರೆ ನೀರು ಹೆಚ್ಚು ಬರುತ್ತದೆಂದು ಸಂಘದವರು ಆಸೆಪಟ್ಟರು. ಹೆಡ್ಡು ವ್ಯಾಸದ ವರ್ಗಕ್ಕೆ ತಕ್ಕಂತೆಯೂ, ಮೋಟರಿನ ಮೇಲಿನ ಹೊರೆ ಸರಿಸುಮಾರು ಘನಕ್ಕೆ ತಕ್ಕಂತೆಯೂ ಏರುತ್ತದೆ. ತಗಡಿನ ಅಂಕಿಗಳಿಂದ ಲೆಕ್ಕ ಹಾಕಿದರೆ, ಶೇಕಡಾ 70ರ ದಕ್ಷತೆಯಲ್ಲಿ ಈಗಲೇ 19.6 ಕಿಲೋವ್ಯಾಟ್ ಬೇಕು. 320ಕ್ಕೆ ಹೋದರೆ ಅದು 21.6 ಆಗುತ್ತದೆ, ಮೋಟರಿನ ಮಿತಿಯೇ 22. ವೋಲ್ಟೇಜು ಕುಸಿಯುವ ಬೇಸಿಗೆಯ ದಿನಗಳಲ್ಲಿ ಆ ಮೋಟರು ಉಳಿಯುವುದಿಲ್ಲ ಎಂದು ವಿವರಿಸಿ 310ಕ್ಕೇ ಒಪ್ಪಿಸಿದೆ. ಎರಕದ ಮಾದರಿಯನ್ನು ಮಾತ್ರ 320 ಸಿಗುವಷ್ಟು ದೊಡ್ಡದಾಗಿ ಇಟ್ಟು, ತಿರುವುವ ವ್ಯಾಸವನ್ನು ಸ್ಪ್ರೆಡ್‌ಶೀಟಿನಲ್ಲಿ ಬೇರೆ ಸಾಲಾಗಿ ಬರೆದೆ.

ಕೂಡುವ ಜಾಗಗಳ ತೀರ್ಮಾನ ಬೇಗ ಆಯಿತು. ಬೋರು 40.08 ಇತ್ತು, ಶಾಫ್ಟ್ 39.99, ಮಾದರಿಯಲ್ಲಿ ಬರೆದದ್ದು 40 ಎಚ್7 ಎಂಬ ಪ್ರಮಾಣಿತ ಮಿತಿ, ಅಂದರೆ 40.000ರಿಂದ 40.025. ಇಂಪೆಲರನ್ನು ಶಾಫ್ಟಿಗೆ ಬಂಧಿಸುವ ಕೀ 12 ಅಗಲ 8 ಎತ್ತರದ ಪ್ರಮಾಣಿತ ಗಾತ್ರದ್ದಾದ್ದರಿಂದ ಬೋರಿನ ಕಡೆಯ ಆಳ 3.3 ಮಿ.ಮೀ. ಕುತ್ತಿಗೆ 173.1ಕ್ಕೆ ಸವೆದಿತ್ತು, ಎದುರಿನ ವೇರ್ ರಿಂಗ್ 175.9ಕ್ಕೆ ಹಿಗ್ಗಿತ್ತು. ನಡುವೆ 2.8 ಮಿ.ಮೀ. ಸಂದು ಬಿದ್ದು, ಮೇಲೆತ್ತಿದ ನೀರಿನ ಒಂದು ಪಾಲು ಮತ್ತೆ ಒಳಬಾಯಿಗೇ ಸೋರುತ್ತಿತ್ತು. ತೊಟ್ಟಿ ತಡವಾಗಿ ತುಂಬಲು ವೇನ್‌ಗಳ ಸವೆತಕ್ಕಿಂತ ಇದೇ ದೊಡ್ಡ ಕಾರಣವೆಂದು ನನ್ನ ಅಂದಾಜು. ಹೊಸ ಕುತ್ತಿಗೆಗೆ 175, ಹೊಸ ಗನ್‌ಮೆಟಲ್ (ಒಂದು ಬಗೆಯ ಕಂಚು) ರಿಂಗಿಗೆ 175.45 ಎಂದು ಬರೆದೆ. ಹಿಂಬದಿಯ ಕುತ್ತಿಗೆಗೂ ಅದೇ.

ಕಟ್ಟಿದ ಮಾದರಿಯನ್ನು ಮತ್ತೆ ಮೆಶ್ಶಿನ ಮೇಲಿಟ್ಟು ಕ್ಲೌಡ್‌ಕಂಪೇರ್ ತಂತ್ರಾಂಶದಲ್ಲಿ ವ್ಯತ್ಯಾಸದ ಬಣ್ಣದ ಚಿತ್ರ ತೆಗೆದೆ. ಸವೆಯದ ಕಡೆ ಅರ್ಧ ಮಿಲಿಮೀಟರಿನೊಳಗೆ ಹಸಿರು, ವೇನಿನ ತುದಿ ಮತ್ತು ಕುತ್ತಿಗೆಯಲ್ಲಿ ನಿರೀಕ್ಷಿಸಿದಂತೆ ಗಾಢ ನೀಲಿ. ಆದರೆ ಮುಂದಿನ ತಟ್ಟೆಯ ಹೊರಮುಖ ಒಂದು ಬದಿಯಲ್ಲಿ 1.2 ಮಿ.ಮೀ. ಉಬ್ಬಿ, ಎದುರು ಬದಿಯಲ್ಲಿ ಅಷ್ಟೇ ತಗ್ಗಿತ್ತು. ಸವೆತ ಹೀಗೆ ಉಬ್ಬಿಸಲಾರದು. ಮೂಲ ಎರಕದಲ್ಲಿಯೇ ಅಚ್ಚಿನ ಮೇಲಿನ ಪೆಟ್ಟಿಗೆ ಓರೆಯಾಗಿ ಕೂತಿದ್ದರ ಫಲ ಇದು ಎಂದು ತಿಳಿದು, ಅದನ್ನು ಮಾದರಿಗೆ ತರದೆ ಬಿಟ್ಟೆ.

ಪ್ಯಾಟರ್ನ್ ಮತ್ತು ಕೋರ್ ಬಾಕ್ಸಿನ (ಒಳದಾರಿಗಳ ಜಾಗ ಬಿಡಿಸುವ ಮರಳಿನ ಕೋರನ್ನು ಮಾಡುವ ಪೆಟ್ಟಿಗೆಯ) ಕಡತಗಳನ್ನು ಮೂಲ ಮಾದರಿಯಿಂದ ಹುಟ್ಟುವ ಬೇರೆ ಕಡತಗಳಾಗಿ ಮಾಡಿದೆ. ಬೀಡು ಕಬ್ಬಿಣ ತಣಿಯುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುವುದರಿಂದ ಅವುಗಳಿಗೆ 1.01ರ ಗುಣಕ, ಮೆಷಿನಿಂಗ್ ಜಾಗಗಳಿಗೆ 3 ಮಿ.ಮೀ. ಹೆಚ್ಚುವರಿ, ಬದಿಗಳಿಗೆ ಒಂದೂವರೆ ಡಿಗ್ರಿ ಓರೆ. ವೇನ್ ತಿರುಚಿಕೊಂಡಿಲ್ಲ ಎಂಬ ಸಂಗತಿ ಇಲ್ಲಿ ನೆರವಾಯಿತು: ಕೋರ್ ಬಾಕ್ಸಿನಲ್ಲಿ ಆರು ವೇನ್ ತುಂಡುಗಳನ್ನು ಬಿಡಿಯಾಗಿ ಇಟ್ಟು, ಮರಳು ಗಟ್ಟಿಯಾದ ಮೇಲೆ ಅಕ್ಷದ ದಿಕ್ಕಿಗೆ ನೇರವಾಗಿ ಎಳೆದುಬಿಡಬಹುದು. ಎಲ್ಲವನ್ನೂ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ 0.2 ಮಿ.ಮೀ. ಪದರದಲ್ಲಿ ಮುದ್ರಿಸಿ, ಪಟ್ಟಿ ಹಚ್ಚಿ, ಉಜ್ಜಿ, ಮೆರುಗೆಣ್ಣೆ ಬಳಿದೆವು. ಸೋಡಿಯಂ ಸಿಲಿಕೇಟ್ ಬೆರೆಸಿದ ಮರಳಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಟ್ಟಿ ಮಾಡುವ ವಿಧಾನದಲ್ಲಿ ಕಾಯಿಸುವ ಕೆಲಸವಿಲ್ಲದ್ದರಿಂದ ಪ್ಲಾಸ್ಟಿಕ್ ಬಾಕ್ಸು ತಡೆಯಿತು.

ಎರಕಕ್ಕೆ ಬೆಳಗಾವಿಯಲ್ಲಿ ದೂರ ಹೋಗಬೇಕಾಗಿಲ್ಲ, ಉದ್ಯಮಬಾಗದ ಸುತ್ತ ಫೌಂಡ್ರಿಗಳಿಗೆ ಕೊರತೆಯಿಲ್ಲ. ಮೂಲದಂತೆಯೇ ಎಫ್‌ಜಿ 260 ದರ್ಜೆಯ ಬೀಡು ಆರಿಸಿದೆ. ಗನ್‌ಮೆಟಲ್ ತುಕ್ಕು ಹಿಡಿಯದಿದ್ದರೂ ಮರಳಿನ ಮುಂದೆ ಮೆದು. ಮೊದಲ ಎರಕದಲ್ಲಿ ಬೋರಿನ ಸುತ್ತಿನ ದಪ್ಪ ಭಾಗದೊಳಗೆ ಗಾಳಿಗುಳ್ಳೆ ಬಂತು. ಕೋರಿನೊಳಗಿನ ಅನಿಲಕ್ಕೆ ಹೊರಹೋಗಲು ದಾರಿಯೇ ಇರಲಿಲ್ಲ, ನನ್ನ ಕೋರ್ ಬಾಕ್ಸಿನಲ್ಲಿ ಅದಕ್ಕೆ ಏರ್ಪಾಡೇ ಇರಲಿಲ್ಲ. ಮಾದರಿಯಲ್ಲಿ ಕೋರಿನ ನಡುಭಾಗಕ್ಕೆ 8 ಮಿ.ಮೀ. ವ್ಯಾಸದ ಒಂದು ಗಾಳಿದಾರಿ ಸೇರಿಸಿ, ಬಾಕ್ಸಿನ ಆ ತುಂಡನ್ನಷ್ಟೇ ಮರುಮುದ್ರಿಸಿದೆವು. ಮರುದಿನವೇ ಎರಡನೆಯ ಎರಕ ಹೊಯ್ಯಲಾಯಿತು. ಅದು ದೋಷವಿಲ್ಲದೆ ಬಂತು.

ಲೇಥಿನಲ್ಲಿ ತಿರುವಿ, ಸ್ಲಾಟಿಂಗ್ ಮೆಷಿನಿನಲ್ಲಿ ಕೀವೇ ಕೊರೆದ ಮೇಲೆ ತೂಕ 9.6 ಕಿಲೋ. ಪಂಪುಗಳಿಗೆ ರೂಢಿಯಲ್ಲಿರುವ ಜಿ 6.3 ಸಮತೋಲ ದರ್ಜೆಯ ಪ್ರಕಾರ 1450 ಸುತ್ತಿಗೆ ಈ ತೂಕದಲ್ಲಿ ಒಪ್ಪಬಹುದಾದ ಅಸಮತೋಲ ಸುಮಾರು 400 ಗ್ರಾಂ-ಮಿ.ಮೀ. ಬ್ಯಾಲೆನ್ಸಿಂಗ್ ಮೆಷಿನಿನ ಮೇಲೆ ಮೊದಲು 1150 ತೋರಿಸಿತು. ಹಿಂದಿನ ತಟ್ಟೆಯಲ್ಲಿ 140 ಮಿ.ಮೀ. ತ್ರಿಜ್ಯದ ಬಳಿ 6.8 ಗ್ರಾಂ ಲೋಹವನ್ನು ಅಗಲವಾಗಿ, ತೆಳುವಾಗಿ ಗ್ರೈಂಡ್ ಮಾಡಿ ತೆಗೆದಾಗ 200ರ ಆಸುಪಾಸಿಗೆ ಇಳಿಯಿತು.

ಮಾರ್ಚ್ ಎರಡನೆಯ ವಾರ ಪಂಪ್‌ಹೌಸಿನಲ್ಲಿ ಜೋಡಿಸಿ, ಮೊದಲು ಕೈಯಿಂದ ತಿರುಗಿಸಿ ಎಲ್ಲಿಯೂ ಉಜ್ಜುತ್ತಿಲ್ಲವೆಂದು ಖಚಿತಪಡಿಸಿಕೊಂಡು ಚಾಲೂ ಮಾಡಿದೆವು. ಹಳೆಯದರಲ್ಲಿ 2.1 ತೋರಿಸುತ್ತಿದ್ದ ಗೇಜು ಚದರ ಸೆಂಟಿಮೀಟರಿಗೆ 2.5 ಕಿಲೋ ತೋರಿಸಿತು, ಮೋಟರು 37 ಆಂಪಿಯರ್ ಎಳೆಯಿತು, ತೊಟ್ಟಿ 36 ನಿಮಿಷದಲ್ಲಿ ತುಂಬಿತು. ಉಳಿದ ಮೂರು ನಿಮಿಷಕ್ಕೆ ಕಾರಣ ಕೇಸಿಂಗಿನ ಒಳಮೈಯ ಒರಟುತನ ಇರಬಹುದೆಂದು ಮಳೆಗಾಲದಲ್ಲಿ ಪಂಪು ನಿಂತಾಗ ಅದನ್ನು ಬಿಚ್ಚಿ ನೋಡಲಿದ್ದೇವೆ. ಸಂಘಕ್ಕೆ ಇಂಪೆಲರಿನ ಜೊತೆ ಒಂದು ಪೆನ್‌ಡ್ರೈವನ್ನೂ ಕೊಟ್ಟಿದ್ದೇನೆ. ಅದರಲ್ಲಿ ಸ್ಕ್ಯಾನಿನ ಮೆಶ್, ತಿದ್ದಬಹುದಾದ ಮಾದರಿ, ಬಹುತೇಕ ಎಲ್ಲ ವಿನ್ಯಾಸ ತಂತ್ರಾಂಶಗಳಲ್ಲಿಯೂ ತೆರೆಯಬಹುದಾದ ಸ್ಟೆಪ್ ಕಡತ, ಮತ್ತು ಪ್ರತಿ ಅಳತೆಯ ಎದುರು ಅದು ಅಳೆದದ್ದೋ, ಲೆಕ್ಕದಿಂದ ಬಂದದ್ದೋ, ನಾನು ತೀರ್ಮಾನಿಸಿದ್ದೋ ಎಂದು ಬರೆದ ನಾಲ್ಕು ಪುಟಗಳ ಪಟ್ಟಿ ಇವೆ. ಎರಡನೆಯ ಪಂಪಿನ ಕುತ್ತಿಗೆಯನ್ನು ಅಂದೇ ಅಳೆದೆವು: 174.2.